ಗೋದಾಮಿನೊಳಗಿನ ಏಣಿ

ಕರ್ನಾಟಕದಲ್ಲಿ ಗೋದಾಮಿನ ಕೆಲಸ ಇವತ್ತು ಹೆಚ್ಚಾಗಿ ಸಿಗುವುದು ಬೆಂಗಳೂರನ್ನು ಸುತ್ತುವರಿದ ಹೆದ್ದಾರಿಗಳ ಮಗ್ಗುಲಲ್ಲಿ. ಒಂದು ಬದಿಗೆ ನೆಲಮಂಗಲ, ದಾಬಸ್‌ಪೇಟೆ. ಪೂರ್ವಕ್ಕೆ ಹೊಸಕೋಟೆ, ಮಾಲೂರು. ದಕ್ಷಿಣಕ್ಕೆ ಬೊಮ್ಮಸಂದ್ರ, ಅತ್ತಿಬೆಲೆ. ಈ ಊರುಗಳನ್ನು ಆರಿಸಿದ್ದು ರಸ್ತೆಗಳೇ. ನೆಲಮಂಗಲದಲ್ಲಿ ಹೆದ್ದಾರಿ ಕವಲೊಡೆಯುತ್ತದೆ: 48ನೇ ಸಂಖ್ಯೆಯದು ತುಮಕೂರು, ಹುಬ್ಬಳ್ಳಿ ಹಾದು ಮುಂಬೈ ಕಡೆಗೆ, 75ನೇ ಸಂಖ್ಯೆಯದು ಹಾಸನದ ಮೂಲಕ ಮಂಗಳೂರಿಗೆ. ಅತ್ತಿಬೆಲೆ ದಾಟಿದರೆ ಹೊಸೂರು. ಹೊಸಕೋಟೆಯಿಂದ ಮುಂದಕ್ಕೆ ಕೋಲಾರ, ಚೆನ್ನೈ. ಹಗಲು ಹೊತ್ತು ನಗರದೊಳಗೆ ಭಾರಿ ಲಾರಿಗಳಿಗೆ ನಿರ್ಬಂಧ ಇರುವುದರಿಂದ, ದೊಡ್ಡ ಗಾಡಿಯ ಸರಕನ್ನು ಊರ ಹೊರಗೆ ಇಳಿಸಿ ಸಣ್ಣ ಗಾಡಿಗಳಿಗೆ ಹಂಚಿ ತುಂಬುವ ಜಾಗ ಬೇಕೇ ಬೇಕು. ಬಂದರಿಲ್ಲದ ಈ ನಗರಕ್ಕೆ ಸರಕಿನ ನಂಟು ಹೊಸದೂ ಅಲ್ಲ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ 1981ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಈಗ ದಾಬಸ್‌ಪೇಟೆ–ದೊಡ್ಡಬಳ್ಳಾಪುರ ಭಾಗದ ಮುದ್ದಲಿಂಗನಹಳ್ಳಿಯಲ್ಲಿ ರೈಲು, ರಸ್ತೆ ಎರಡನ್ನೂ ಜೋಡಿಸುವ 400 ಎಕರೆಯ ಲಾಜಿಸ್ಟಿಕ್ಸ್ ಪಾರ್ಕ್ ಯೋಜನೆ ಕೈಗೆತ್ತಿಕೊಳ್ಳಲಾಗಿದೆ.

ರಸ್ತೆಯಷ್ಟೇ ದೊಡ್ಡ ಕಾರಣ ತೆರಿಗೆ. 2017ರ ಜುಲೈ 1ಕ್ಕೆ ಮೊದಲು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾಲು ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಕಂಪನಿ ತನ್ನದೇ ಗೋದಾಮಿಗೆ ಮಾಲು ಕಳಿಸಿಕೊಂಡರೆ ಅದು ಮಾರಾಟವಲ್ಲ, ತೆರಿಗೆಯೂ ಇಲ್ಲ. ಹೀಗಾಗಿ ಸೋಪು, ಬಿಸ್ಕತ್ತು, ಟಿ.ವಿ., ಟಯರು ಯಾವುದೇ ಇರಲಿ, ಕಂಪನಿಗಳು ರಾಜ್ಯಕ್ಕೊಂದರಂತೆ ಚಿಕ್ಕ ಚಿಕ್ಕ ಗೋದಾಮು ಇಟ್ಟುಕೊಂಡಿದ್ದವು. ಜಿಎಸ್‌ಟಿ ಬಂದ ಮೇಲೆ ಆ ಲೆಕ್ಕಾಚಾರ ಬಿದ್ದುಹೋಯಿತು. ಹತ್ತಾರು ಶೀಟು ಮನೆಗಳ ಬದಲು ಎರಡು ಮೂರು ರಾಜ್ಯಗಳಿಗೆ ಸಾಲುವ ಒಂದೇ ದೊಡ್ಡ ಗೋದಾಮು ಅಗ್ಗವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈ ಕ್ಷೇತ್ರಕ್ಕೆ ಮೂಲಸೌಕರ್ಯದ ಸ್ಥಾನಮಾನ ಕೊಟ್ಟಿದ್ದರಿಂದ ಸಾಲವೂ ಸುಲಭವಾಯಿತು. ಇ-ಕಾಮರ್ಸ್ ಬೆಳೆಯುತ್ತಿದ್ದ ಕಾಲವೂ ಅದೇ.

ಕೆಲಸಕ್ಕೆ ಸೇರುವವರ ಮಟ್ಟಿಗೆ ಇದರ ಪರಿಣಾಮ ನೇರವಾದದ್ದು. ಹಳೆಯ ಚಿಕ್ಕ ಗೋದಾಮಿನಲ್ಲಿ ಒಬ್ಬ ಗುಮಾಸ್ತ, ನಾಲ್ಕು ಹಮಾಲಿಗಳು, ಒಂದು ಸ್ಟಾಕ್ ಪುಸ್ತಕ. ಅಲ್ಲಿ ಮೇಲೇರಲು ಮೆಟ್ಟಿಲೇ ಇರಲಿಲ್ಲ. ಈಗಿನ ದೊಡ್ಡ ಗೋದಾಮಿನಲ್ಲಿ ಕೆಲಸ ತುಂಡು ತುಂಡಾಗಿ ಹಂಚಿಹೋಗಿದೆ, ಪ್ರತಿ ತುಂಡಿಗೂ ಒಂದು ಹೆಸರು, ಒಂದು ಪಾಳಿ, ಒಂದು ದರ್ಜೆ ಇದೆ. ಒಳಗೆ ಬರಲು ದೊಡ್ಡ ಓದು ಬೇಕಿಲ್ಲ. ಆದರೆ ಬಂದವರೆಲ್ಲ ಮೇಲೇರುವುದಿಲ್ಲ. ಗೋದಾಮಿನಲ್ಲಿ ಸರಕಿನ ಜೊತೆಗೇ ಸರಕಿನ ಲೆಕ್ಕವೂ ಚಲಿಸುತ್ತಿರುತ್ತದೆ. ಸರಕನ್ನಷ್ಟೇ ಸಾಗಿಸುವವರು ಸೇರಿದ ಜಾಗದಲ್ಲೇ ಉಳಿಯುತ್ತಾರೆ, ಲೆಕ್ಕವನ್ನೂ ಸಾಗಿಸಲು ಕಲಿತವರು ಮುಂದಿನ ದರ್ಜೆಗೆ ಹೋಗುತ್ತಾರೆ. ಈ ವ್ಯತ್ಯಾಸ ಮೊದಲ ದಿನದ ಕೆಲಸದಲ್ಲೇ ಅಡಗಿರುತ್ತದೆ.

ಲಾರಿ ಬಂದು ಡಾಕ್‌ಗೆ, ಅಂದರೆ ಸರಕು ಇಳಿಸುವ ಕಟ್ಟೆಗೆ, ಹಿಮ್ಮುಖವಾಗಿ ನಿಂತಾಗ ಶುರುವಾಗುವುದು ‘ಇನ್‌ವರ್ಡ್’. ಲಾರಿಯ ಸೀಲ್ ಸಂಖ್ಯೆ ಕಾಗದದಲ್ಲಿರುವುದಕ್ಕೆ ತಾಳೆಯಾಗಬೇಕು, ಆಮೇಲೆ ಬಾಗಿಲು ತೆರೆಯಬೇಕು. ಇನ್‌ವಾಯ್ಸ್ ಇಟ್ಟುಕೊಂಡು ಪೆಟ್ಟಿಗೆ ಎಣಿಸುವುದು, ಒದ್ದೆಯಾದದ್ದು, ಜಜ್ಜಿದ್ದು ಬೇರೆ ಮಾಡುವುದು, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಾರೀಖು ನೋಡುವುದು, ಕೊರತೆ ಕಂಡರೆ ಚಾಲಕನ ಸಹಿ ಪಡೆಯುವುದು, ಕೊನೆಗೆ ಜಿಆರ್‌ಎನ್ ಎಂದು ಕರೆಯುವ ಸ್ವೀಕೃತಿ ದಾಖಲೆ ಮಾಡುವುದು. ಚಾಲಕ ಹೊರಟುಹೋದ ಮೇಲೆ ಹತ್ತು ಪೆಟ್ಟಿಗೆ ಕಡಿಮೆ ಎಂದರೆ ಆ ನಷ್ಟ ಗೋದಾಮಿನದೇ. ಅನುಭವಿ ಮ್ಯಾನೇಜರುಗಳು ತಮ್ಮ ಜಾಣ ಹುಡುಗರನ್ನು ಡಾಕ್‌ನಲ್ಲಿ ನಿಲ್ಲಿಸುವುದು ಇದಕ್ಕೇ.

ಒಳಗೆ ಬಂದ ಸರಕು ಪ್ಯಾಲೆಟ್ ಏರುತ್ತದೆ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ಯಾಲೆಟ್ 1200 ಮಿ.ಮೀ. ಉದ್ದ, 1000 ಮಿ.ಮೀ. ಅಗಲದ್ದು. ಇಟ್ಟಿಗೆ ಕಟ್ಟಿದಂತೆ ಒಂದು ಪದರದ ಸಂದಿನ ಮೇಲೆ ಇನ್ನೊಂದು ಪದರದ ಪೆಟ್ಟಿಗೆ ಬರುವ ಹಾಗೆ ಜೋಡಿಸಿ, ಸುತ್ತ ಪ್ಲಾಸ್ಟಿಕ್ ಹಾಳೆ ಬಿಗಿದು, ರ್‍ಯಾಕ್‌ನ ಗೊತ್ತುಪಡಿಸಿದ ಮನೆಯಲ್ಲಿ ಇಡುತ್ತಾರೆ. ಪ್ರತಿ ಮನೆಗೂ ವಿಳಾಸವಿದೆ: ಯಾವ ಸಾಲು, ಎಷ್ಟನೇ ಅಂಕಣ, ಎಷ್ಟನೇ ಮಟ್ಟ. ಕೈಯಲ್ಲಿರುವ ಸ್ಕ್ಯಾನರ್‌ನಿಂದ ಮೊದಲು ಪ್ಯಾಲೆಟ್ಟಿನ ಬಾರ್‌ಕೋಡ್, ಆಮೇಲೆ ಆ ವಿಳಾಸದ ಬಾರ್‌ಕೋಡ್ ಹೊಡೆದರೆ ಇಟ್ಟದ್ದು ದಾಖಲಾಯಿತು. ಒಂದು ಹೊಡೆತ ತಪ್ಪಿದರೆ ಸರಕು ಕಣ್ಣೆದುರೇ ಇದ್ದರೂ ಕಂಪ್ಯೂಟರಿನ ಪಾಲಿಗೆ ಕಳೆದುಹೋದಂತೆ. (ಬಾರ್‌ಕೋಡ್ 890ರಿಂದ ಶುರುವಾದರೆ ಅದು ಭಾರತದಲ್ಲಿ ತಯಾರಾದ ಸರಕು ಎಂದು ಗೋದಾಮಿನವರೂ ನಂಬುವುದುಂಟು. ಆ ಮೂರು ಅಂಕಿ ಹೇಳುವುದು ಕೋಡ್ ಪಡೆದ ಕಂಪನಿ ಭಾರತದ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡಿದೆ ಎಂದು ಮಾತ್ರ. ಸರಕು ಎಲ್ಲಿಯದಾದರೂ ಇರಬಹುದು.)

ಆರ್ಡರ್ ಬಂದಾಗ ಸರಕನ್ನು ಆರಿಸಿ ತೆಗೆಯುವುದು ಪಿಕಿಂಗ್. ಹೊಸಬರಲ್ಲಿ ಬಹಳ ಮಂದಿ ಸೇರುವುದು ಇಲ್ಲಿಗೇ. ಪಿಕರ್‌ಗೆ ದಿನವಿಡೀ ನಡಿಗೆ. ಗಂಟೆಗೆ ಇಷ್ಟು ಎಂಬ ಗುರಿ ಬೇರೆ. ಔಷಧ, ಆಹಾರವಾದರೆ ಮೊದಲು ಬಂದದ್ದಲ್ಲ, ಮೊದಲು ಅವಧಿ ಮುಗಿಯುವುದು ಮೊದಲು ಹೊರಡಬೇಕು. ಹಿಂದಿನ ಸಾಲಿಗೆ ಕೈ ಚಾಚಬೇಕಲ್ಲ ಎಂದು ಮುಂದಿದ್ದ ಹೊಸ ಬ್ಯಾಚನ್ನೇ ಎತ್ತಿಕೊಟ್ಟರೆ, ಹಳೆಯದು ಅಲ್ಲೇ ಕೂತು ಕೆಡುತ್ತದೆ. ಪಿಕಿಂಗ್ ಆದಮೇಲೆ ಪ್ಯಾಕಿಂಗ್, ಲೇಬಲ್, ಮಾರ್ಗವಾರು ವಿಂಗಡಣೆ, ಲೋಡಿಂಗ್. ಕೊನೆಗೆ ಇಳಿಸಬೇಕಾದದ್ದನ್ನು ಮೊದಲು ತುಂಬಬೇಕು, ಭಾರದ್ದು ಕೆಳಗೆ. ಇ-ಕಾಮರ್ಸ್ ಗೋದಾಮುಗಳಲ್ಲಿ ಇವೆಲ್ಲದರ ಜೊತೆ ವಾಪಸ್ಸು ಬಂದ ಸರಕಿನದೇ ಒಂದು ವಿಭಾಗ ಇರುತ್ತದೆ. ಬಟ್ಟೆ ತೊಟ್ಟದ್ದೋ ಅಲ್ಲವೋ, ಪೆಟ್ಟಿಗೆಯಲ್ಲಿ ಫೋನೇ ಇದೆಯೋ ಬೇರೇನಾದರೂ ಇದೆಯೋ ನೋಡಿ ನಿರ್ಧರಿಸುವ ಈ ಕೆಲಸಕ್ಕೆ ಭಾರ ಎತ್ತುವುದು ಕಡಿಮೆ, ತೀರ್ಮಾನ ಹೆಚ್ಚು.

ಈ ಯಾವ ಹುದ್ದೆಗೂ ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಸಾಕು. ಕೆಲವೆಡೆ ಅದನ್ನೂ ಕೇಳುವುದಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ ತಪ್ಪಿಲ್ಲದೆ ಓದಲು ಬಂದರೆ ಸ್ಕ್ಯಾನರ್ ಹಿಡಿಯಬಹುದು. ಗೋದಾಮು ಯಾರದೇ ಹೆಸರಿನಲ್ಲಿರಲಿ, ಕೆಳದರ್ಜೆಯ ಹೆಚ್ಚಿನವರನ್ನು ತೆಗೆದುಕೊಳ್ಳುವುದು ಗುತ್ತಿಗೆದಾರ. ಆದ್ದರಿಂದ ಸೇರುವಾಗ ತಿಳಿದಿರಬೇಕಾದ ಕೆಲವು ವಿಷಯ ಇವೆ. ಸಂಬಳ ರಾಜ್ಯ ಸರ್ಕಾರ ಅಧಿಸೂಚಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಇರುವಂತಿಲ್ಲ. ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತದೆ. ಓಟಿಗೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕು. ಭವಿಷ್ಯನಿಧಿಗೆ ನೌಕರನಿಂದ ಶೇ 12 ಕಡಿತ, ಮಾಲೀಕನಿಂದಲೂ ಅಷ್ಟೇ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ನೌಕರರ ರಾಜ್ಯ ವಿಮೆ (ಇಎಸ್‌ಐ): ನೌಕರನ ಪಾಲು ಶೇ 0.75, ಮಾಲೀಕನದು ಶೇ 3.25. ಕಡಿತವಾದ ಹಣ ನಿಜವಾಗಿ ಖಾತೆಗೆ ಬಿದ್ದಿದೆಯೇ ಎಂದು ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಹಾಕಿ ಮೊಬೈಲಿನಲ್ಲೇ ನೋಡಬಹುದು. ಗುತ್ತಿಗೆದಾರ ಬದಲಾದಾಗ ಹೊಸ ಯುಎಎನ್ ಮಾಡಿಸಿಕೊಳ್ಳಬಾರದು, ಹಳೆಯದನ್ನೇ ಕೊಡಬೇಕು. ಅದು ಹಣದ ಮಾತಷ್ಟೇ ಅಲ್ಲ: ಎಲ್ಲೆಲ್ಲಿ, ಎಷ್ಟೆಷ್ಟು ದಿನ ದುಡಿದದ್ದು ಎಂಬುದಕ್ಕೆ ಮುಂದೆ ಉಳಿಯುವ ಸಾಕ್ಷಿಯೂ ಅದೇ.

ದೇಹಶ್ರಮದಿಂದ ಒಂದು ಮೆಟ್ಟಿಲು ಆಚೆ ಇರುವುದು ಯಂತ್ರ. ಕೈಯಿಂದ ಎಳೆಯುವ ಪ್ಯಾಲೆಟ್ ಟ್ರಕ್, ಬ್ಯಾಟರಿಯ ಪ್ಯಾಲೆಟ್ ಟ್ರಕ್, ಸ್ಟ್ಯಾಕರ್, ಫೋರ್ಕ್‌ಲಿಫ್ಟ್, ಇಕ್ಕಟ್ಟಿನ ಸಾಲುಗಳಲ್ಲಿ ಎತ್ತರಕ್ಕೆ ಚಾಚುವ ರೀಚ್ ಟ್ರಕ್: ಕಲಿಕೆಯೂ ಸಾಧಾರಣವಾಗಿ ಇದೇ ಕ್ರಮದಲ್ಲಿ ನಡೆಯುತ್ತದೆ, ಸಂಬಳವೂ ಇದೇ ಕ್ರಮದಲ್ಲಿ ಏರುತ್ತದೆ. ಫೋರ್ಕ್‌ಲಿಫ್ಟ್ ನೋಡಲು ಚಿಕ್ಕದು, ಓಡಿಸಲು ಕಾರಿನ ಹಾಗಲ್ಲ. ತಿರುಗುವುದು ಹಿಂದಿನ ಚಕ್ರದಿಂದ, ಆದ್ದರಿಂದ ಹಿಂಭಾಗ ಬೀಸಿ ಪಕ್ಕದವರಿಗೆ ಬಡಿಯುತ್ತದೆ. ಮುಂದಿನ ಭಾರಕ್ಕೆ ಎದುರು ತೂಕವಾಗಿ ಗಾಡಿಯ ಹಿಂದೆ ಕಬ್ಬಿಣದ ದೊಡ್ಡ ಗಟ್ಟಿ ಇರುತ್ತದೆ. ಹೊರೆ ಎತ್ತರಕ್ಕೆ ಹೋದಷ್ಟೂ, ಮುಂದಕ್ಕೆ ಚಾಚಿದಷ್ಟೂ ಗಾಡಿ ಎತ್ತಬಲ್ಲ ತೂಕ ಇಳಿಯುತ್ತದೆ. ಎರಡು ಟನ್ ಎಂದು ಬರೆದ ಗಾಡಿ ಎಲ್ಲ ಎತ್ತರದಲ್ಲೂ ಎರಡು ಟನ್ ಎತ್ತುವುದಿಲ್ಲ. ಹೊರೆ ಹೊತ್ತು ಚಲಿಸುವಾಗ ಫೋರ್ಕ್ ನೆಲದಿಂದ ಗೇಣಿನಷ್ಟೇ ಮೇಲಿರಬೇಕು. ಇಳಿಜಾರಿನಲ್ಲಿ ಹೊರೆ ಯಾವಾಗಲೂ ಏರಿನ ಬದಿಗೆ ಇರಬೇಕು, ಅಂದರೆ ಇಳಿಯುವಾಗ ರಿವರ್ಸ್‌ನಲ್ಲಿ ಇಳಿಯಬೇಕು. ಗಾಡಿ ವಾಲಿದರೆ ಹಾರಬಾರದು. ಹಾರಿದವರು ಮೇಲಿನ ಚೌಕಟ್ಟಿನ ಅಡಿಗೆ ಸಿಕ್ಕುತ್ತಾರೆ, ಬೆಲ್ಟ್ ಕಟ್ಟಿ ಸ್ಟಿಯರಿಂಗ್ ಹಿಡಿದು ಎದುರು ಬದಿಗೆ ವಾಲಿ ಕೂತವರು ಬದುಕುತ್ತಾರೆ. ಸೀಸ–ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ, ಹಾಗಾಗಿ ಚಾರ್ಜಿಂಗ್ ಜಾಗಕ್ಕೆ ಗಾಳಿಯಾಡಬೇಕು, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ಇವನ್ನು ಕಲಿಸದೆ, ಬಿಡುವಿನ ಹೊತ್ತಿನಲ್ಲಿ ‘ಓಡ್ಸು ನೋಡಾಣ’ ಎಂದು ಕೀ ಕೊಡುವ ಗೋದಾಮುಗಳಿವೆ. ಅಂಥ ಕಡೆ ಕಲಿಯದಿರುವುದೇ ಲೇಸು. ತರಬೇತಿ ಪಡೆದು ಪ್ರಮಾಣಪತ್ರ ಇಟ್ಟುಕೊಂಡವರನ್ನು ಒಳ್ಳೆಯ ಕಂಪನಿಗಳು ಹುಡುಕಿಕೊಂಡು ಬರುತ್ತವೆ.

ಯಂತ್ರದ ಮೆಟ್ಟಿಲಿಗೂ ಒಂದು ಮಿತಿ ಇದೆ. ಹತ್ತು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದವರೂ ಆಪರೇಟರ್ ಆಗಿಯೇ ಉಳಿಯಬಹುದು. ಅಲ್ಲಿಂದ ಮೇಲಕ್ಕೆ ಕರೆದೊಯ್ಯುವುದು ಇನ್ವೆಂಟರಿ, ಅಂದರೆ ದಾಸ್ತಾನಿನ ಲೆಕ್ಕ. ಕಂಪ್ಯೂಟರಿನಲ್ಲಿ 480 ಇದೆ, ರ್‍ಯಾಕ್‌ನಲ್ಲಿ 457 ಸಿಕ್ಕಿತು. ಉಳಿದ 23 ಎಲ್ಲಿ? ಕಳ್ಳತನ ಎಂದು ಮೊದಲ ಬಾಯಿ ಹೇಳುತ್ತದೆ. ಲೆಕ್ಕ ಬಲ್ಲವರಿಗೆ ಆ ಸಂಖ್ಯೆಯೇ ಸುಳಿವು ಕೊಡುತ್ತದೆ: 24 ಪೀಸಿನ ಒಂದು ಕೇಸ್ ಹೊರಗೆ ಹೋಗಿದೆ, ಕಳಿಸಿದವರು ಒಂದು ಪೀಸ್ ಎಂದು ದಾಖಲಿಸಿದ್ದಾರೆ. ಕೇಸ್ ಮತ್ತು ಪೀಸ್ ಅದಲುಬದಲು, ಒಂದೇ ಬಣ್ಣದ ಡಬ್ಬದ ಎರಡು ಅಳತೆ ಬೆರೆತದ್ದು, ವಾಪಸ್ಸು ಬಂದ ಸರಕನ್ನು ರ್‍ಯಾಕ್‌ಗೆ ಇಟ್ಟು ದಾಖಲೆ ಮರೆತದ್ದು, ಲಾರಿಗೆ ತುಂಬಿ ಬಿಲ್ ರದ್ದಾದದ್ದು. ದಾಸ್ತಾನಿನ ವ್ಯತ್ಯಾಸಗಳಿಗೆ ಇಂಥ ಬೇರುಗಳು ಬೇಕಾದಷ್ಟು. ಕಳ್ಳತನ ಅವುಗಳಲ್ಲಿ ಒಂದು ಮಾತ್ರ. ಹಿಂದೆ ಮಾರ್ಚ್ 31ಕ್ಕೆ ಗೋದಾಮು ಮುಚ್ಚಿ ಎಲ್ಲವನ್ನೂ ಎಣಿಸುತ್ತಿದ್ದರು. ಈಗ ದಿನಕ್ಕೆ ಕೆಲವು ಸಾಲುಗಳಂತೆ ವರ್ಷವಿಡೀ ಎಣಿಸುವ ಪದ್ಧತಿ ಬಂದಿದೆ. ಬೆಲೆಬಾಳುವ, ವೇಗವಾಗಿ ಓಡುವ ಸರಕನ್ನು ಪದೇ ಪದೇ, ಉಳಿದದ್ದನ್ನು ಅಪರೂಪಕ್ಕೆ.

ಎಣಿಕೆಗೆ ಹೋಗುವ ತಂಡದಲ್ಲಿ ಜಾಗ ಸಿಕ್ಕರೆ ಅದನ್ನು ಬಿಡಬಾರದು. ಗೋದಾಮಿನ ಪೂರ್ತಿ ನಕ್ಷೆ ತಲೆಗೆ ಹತ್ತುವುದು, ಯಾವ ವಿಭಾಗ ಎಲ್ಲಿ ಎಡವುತ್ತದೆ ಎಂದು ಗೊತ್ತಾಗುವುದು ಆಗಲೇ. ಜೊತೆಗೆ ಎಕ್ಸೆಲ್ ಬೇಕು: ಎರಡು ಪಟ್ಟಿ ಹೋಲಿಸಲು ವಿ-ಲುಕ್‌ಅಪ್, ಸಾರ ತೆಗೆಯಲು ಪಿವೊಟ್ ಟೇಬಲ್. ಇಷ್ಟು ಬಂದರೆ ಸಣ್ಣ ಗೋದಾಮಿನಲ್ಲಿ ಅರ್ಧ ಮ್ಯಾನೇಜರೇ. ದೊಡ್ಡ ಕಡೆ ಸ್ಯಾಪ್ ಅಥವಾ ಬೇರೆ ಗೋದಾಮು ತಂತ್ರಾಂಶ ಇರುತ್ತದೆ. ಒಂದರಲ್ಲಿ ಪಳಗಿದವರಿಗೆ ಇನ್ನೊಂದು ಕಷ್ಟವಲ್ಲ. ಟೀಮ್ ಲೀಡರ್, ಸೂಪರ್‌ವೈಸರ್, ಪಾಳಿಯ ಉಸ್ತುವಾರಿ, ವೇರ್‌ಹೌಸ್ ಮ್ಯಾನೇಜರ್ ಎಂಬ ಸಾಲು ಇಲ್ಲಿಂದ ಶುರು.

ಸೂಪರ್‌ವೈಸರ್ ಆದವರ ಮೇಲೆ ಬೀಳುವ ಹೊಸ ಹೊರೆ ಮನುಷ್ಯರದು. ದಸರಾ–ದೀಪಾವಳಿಯ ಮಾರಾಟದ ಕಾಲಕ್ಕೆ ಇ-ಕಾಮರ್ಸ್ ಗೋದಾಮುಗಳು ತಾತ್ಕಾಲಿಕವಾಗಿ ಬಹಳ ಜನರನ್ನು ತೆಗೆದುಕೊಳ್ಳುತ್ತವೆ. ಅದೇ ಹೊತ್ತಿಗೆ ಹಳಬರು ಹಬ್ಬಕ್ಕೆ ಊರಿಗೆ ಹೊರಡುತ್ತಾರೆ. ಬೇರೆ ಕಂಪನಿಗಳ ಗೋದಾಮುಗಳಲ್ಲಿ ಒತ್ತಡ ತಿಂಗಳ ಕೊನೆಯ ವಾರದ್ದು, ಮಾರಾಟದ ಗುರಿ ಮುಟ್ಟಿಸಲು ಎಲ್ಲ ಬಿಲ್ಲುಗಳೂ ಆಗಲೇ ಬೀಳುತ್ತವೆ. ಒಂದೇ ಸಾಲಿನಲ್ಲಿ ಕನ್ನಡ, ಹಿಂದಿ, ತೆಲುಗು, ಒಡಿಯಾ, ಬಂಗಾಳಿ ಮಾತಾಡುವವರು ಇರುವಾಗ ನಾಲ್ಕು ಮಾತು ಹಿಂದಿ, ನಾಲ್ಕು ಮಾತು ತೆಲುಗು ಬಂದವರಿಗೆ ಪಾಳಿ ನಡೆಸುವುದು ಹಗುರ. ಹಬ್ಬದ ಕಾಲಕ್ಕೆ ತಾತ್ಕಾಲಿಕವಾಗಿ ಸೇರಿ, ಕೆಲಸ ಚೆನ್ನಾಗಿ ಮಾಡಿ, ಹಬ್ಬ ಮುಗಿದ ಮೇಲೂ ಉಳಿದುಕೊಳ್ಳುವುದು ಈ ಕ್ಷೇತ್ರಕ್ಕೆ ಬರುವ ಬಳಕೆಯ ದಾರಿಗಳಲ್ಲಿ ಒಂದು.

ಗೋದಾಮಿನ ಬಾಗಿಲಾಚೆ ಶುರುವಾಗುವುದು ವಿತರಣೆ. ಇಲ್ಲಿ ಕಾಗದವೇ ಮೊದಲು. 50,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ಸರಕು ಸಾಗಿಸಲು ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಅದು ಕಡ್ಡಾಯವಾದಾಗ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಜಾರಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ಬಿಲ್ಲಿನ ಮೊದಲ ಭಾಗದಲ್ಲಿ ಸರಕಿನ ವಿವರ, ಎರಡನೆಯದರಲ್ಲಿ ಗಾಡಿಯದು. ಪ್ರತಿ 200 ಕಿ.ಮೀ.ಗೆ, ಅಥವಾ ಅದರ ಭಾಗಕ್ಕೆ, ಒಂದು ದಿನದ ಆಯುಷ್ಯ. ನೆಲಮಂಗಲದಿಂದ ಹುಬ್ಬಳ್ಳಿಗೆ ಹೊರಟ ಲಾರಿಗೆ ಎರಡು ದಿನ ಸಿಗುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟು ಸರಕನ್ನು ಬೇರೆ ಗಾಡಿಗೆ ದಾಟಿಸಿದರೆ ಎರಡನೆಯ ಭಾಗ ತಿದ್ದಬೇಕು. ಮರೆತು ತನಿಖೆಯಲ್ಲಿ ಸಿಕ್ಕರೆ ದಂಡ ತೆರಿಗೆಯ ಎರಡು ಪಟ್ಟು ತನಕ ಹೋಗಬಹುದು. ಡಿಸ್‌ಪ್ಯಾಚ್ ಗುಮಾಸ್ತನ ಒಂದು ಅಂಕಿಯ ತಪ್ಪಿಗೆ ಲಾರಿ ರಸ್ತೆ ಬದಿಯಲ್ಲಿ ನಿಲ್ಲುತ್ತದೆ, ಹಾಲ್ಟಿಂಗ್ ಚಾರ್ಜ್ ಬೆಳೆಯುತ್ತದೆ.

ಕಾಗದ ಕಲಿತವರು ಸಾರಿಗೆ ಯೋಜನೆಯ ಕಡೆಗೆ ಹೊರಳುತ್ತಾರೆ. ಯಾವ ಮಾರ್ಗಕ್ಕೆ 32 ಅಡಿಯ ಕಂಟೇನರ್, ಯಾವುದಕ್ಕೆ 17 ಅಡಿಯದು, ಯಾವ ಗಲ್ಲಿಗೆ ಟಾಟಾ ಏಸ್ ಎಂದು ತೀರ್ಮಾನಿಸುವುದು, ಹಿಂದಿರುಗುವ ಗಾಡಿಗೆ ಬಾಡಿಗೆ ಹುಡುಕುವುದು, ಸರಕು ತಲುಪಿದ್ದಕ್ಕೆ ಸಹಿ ಮಾಡಿದ ಪಿಒಡಿ ತರಿಸಿ ಬಾಡಿಗೆ ಚುಕ್ತಾ ಮಾಡುವುದು. ಹಗುರ ಸರಕಿನ ಗಾಡಿ ಜಾಗದಲ್ಲಿ ತುಂಬುತ್ತದೆ, ಭಾರದ್ದು ತೂಕದಲ್ಲಿ: ಚಿಪ್ಸ್ ಹೊತ್ತ ಲಾರಿ ಬಾಗಿಲವರೆಗೆ ತುಂಬಿದರೂ ತೂಕ ಬಾರದು, ಟೈಲ್ಸ್ ಹೊತ್ತದ್ದು ಅರ್ಧ ಖಾಲಿ ಇದ್ದರೂ ಮಿತಿ ಮುಟ್ಟಿರುತ್ತದೆ. ಎರಡೂ ಬಗೆಯ ಸರಕನ್ನು ಒಂದೇ ಗಾಡಿಯಲ್ಲಿ ಹೊಂದಿಸಬಲ್ಲವರಿಗೆ ಬೆಲೆ ಇದೆ.

ಕೊನೆಯ ಕೊಂಡಿ ಮನೆಬಾಗಿಲಿಗೆ ತಲುಪಿಸುವುದು. ಇನ್‌ಸ್ಟಾಮಾರ್ಟ್, ಬ್ಲಿಂಕಿಟ್, ಜೆಪ್ಟೊದಂಥ ತ್ವರಿತ ವ್ಯಾಪಾರದವರ ಡಾರ್ಕ್ ಸ್ಟೋರ್‌ಗಳು ವಾಸ್ತವದಲ್ಲಿ ಬಡಾವಣೆಯೊಳಗಿನ ಪುಟ್ಟ ಗೋದಾಮುಗಳು. ಅಲ್ಲಿನ ಪಿಕರ್ ಮತ್ತು ಇನ್ವೆಂಟರಿ ಕೆಲಸದ ಅನುಭವ ದೊಡ್ಡ ಗೋದಾಮಿನಲ್ಲೂ ನಡೆಯುತ್ತದೆ. ಬೈಕಿನಲ್ಲಿ ಹಂಚುವ ಕೆಲಸ ಬೇರೆ ಜಾತಿಯದು: ನೌಕರಿಯ ಕಾಗದ ಇಲ್ಲ, ಏಣಿಯೂ ಕಿರಿದು. ಹಾಗೆ ಹಂಚುವವರಿಗಾಗಿ 2025ರಲ್ಲಿ ಕರ್ನಾಟಕ ಸಾಮಾಜಿಕ ಭದ್ರತೆಯ ಕಾಯ್ದೆ ಮಾಡಿದೆ. ಪ್ರತಿ ವಹಿವಾಟಿನ ಮೇಲೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆದು ನಿಧಿ ಕಟ್ಟುವುದು ಅದರ ತಿರುಳು.

ಬೆಂಗಳೂರಿನ ಸುತ್ತಲ ಜಗತ್ತಷ್ಟೇ ಉಗ್ರಾಣವಲ್ಲ. ಕೃಷಿ ಸರಕಿನ ಹಳೆಯ ವ್ಯವಸ್ಥೆ ಬೇರೆಯೇ ಇದೆ. ಕೇಂದ್ರ ಉಗ್ರಾಣ ನಿಗಮ ಮತ್ತು ಕರ್ನಾಟಕ ರಾಜ್ಯ ಉಗ್ರಾಣ ನಿಗಮ ಎರಡೂ 1957ರಲ್ಲಿ ಹುಟ್ಟಿದವು. ಅಲ್ಲಿನ ಕಾಯಂ ಹುದ್ದೆಗೆ ಅಧಿಸೂಚನೆ, ಪರೀಕ್ಷೆ, ಮೀಸಲಾತಿ ಎಲ್ಲ ಉಂಟು. ಕೆಲಸದ ಸ್ವರೂಪವೂ ಬೇರೆ. ಚೀಲಗಳನ್ನು ನೆಲಕ್ಕೆ ತಾಗದಂತೆ ಮರದ ಚೌಕಟ್ಟಿನ ಮೇಲೆ ಅಟ್ಟಿ ಹಾಕುವುದು, ತೇವಾಂಶ ಅಳೆಯುವುದು (ಖರೀದಿ ಕೇಂದ್ರದಲ್ಲಿ ಭತ್ತಕ್ಕೆ ಶೇ 17ರ ಮಿತಿ), ಹುಳ ಬಿದ್ದರೆ ಅಟ್ಟಿಗೆ ಹೊದಿಕೆ ಹಾಕಿ ಅಲ್ಯುಮಿನಿಯಂ ಫಾಸ್ಫೈಡ್‌ನಿಂದ ವಿಷಧೂಮ ಕೊಡುವುದು. ಆ ಅನಿಲ ಮನುಷ್ಯನನ್ನೂ ಕೊಲ್ಲುತ್ತದೆ, ತರಬೇತಿ ಇಲ್ಲದವರು ಮುಟ್ಟಬಾರದು. 2007ರ ಉಗ್ರಾಣ ಕಾಯ್ದೆಯ ಪ್ರಕಾರ ನೋಂದಾಯಿತ ಗೋದಾಮು ಕೊಡುವ ರಸೀದಿಯನ್ನು ಅಡವಿಟ್ಟು ರೈತ ಬ್ಯಾಂಕಿನಿಂದ ಸಾಲ ಪಡೆಯಬಹುದು. ಆದ್ದರಿಂದ ದರ್ಜೆ, ತೂಕ ಬರೆಯುವವರ ಸಹಿಗೆ ಹಣದ ಬೆಲೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಮಾಸದಂತೆ ಕಾಯುವ ಶೀತಲಗೃಹಗಳ ಸಾಲೇ ಇದೆ. ಔಷಧ ಕಂಪನಿಗಳ ಗೋದಾಮಿನಲ್ಲಿ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಹೆಪ್ಪುಗಟ್ಟಿದ ಆಹಾರಕ್ಕೆ ಮೈನಸ್ 18. ಈ ತಣ್ಣನೆಯ ಕೋಣೆಗಳಲ್ಲಿ ದುಡಿಯಲು ಮನಸ್ಸು ಮಾಡುವವರು ಕಡಿಮೆ.

ಓದಿನ ದಾರಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚೆನ್ನೈಯಲ್ಲಿ ಕೇಂದ್ರ ಕಚೇರಿ ಇರುವ ಲಾಜಿಸ್ಟಿಕ್ಸ್ ಕೌಶಲ ಮಂಡಳಿ ಪಿಕರ್‌ನಿಂದ ಮೇಲ್ವಿಚಾರಕರ ತನಕ ಹುದ್ದೆವಾರು ಪಠ್ಯ ರೂಪಿಸಿದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತ ಕಲಿಯುವ ಅವಕಾಶವೂ ಇದೆ. ಲಾಜಿಸ್ಟಿಕ್ಸ್ ವಿಷಯದ ಬಿಬಿಎ ಕೋರ್ಸುಗಳು ಬಂದಿವೆ. ಪದವಿ ಮುಗಿಸಿದವರು ಎಕ್ಸಿಕ್ಯೂಟಿವ್ ಆಗಿ ನೇರವಾಗಿ ಸೇರುತ್ತಾರೆ. ಆದರೆ ಪ್ಯಾಲೆಟ್ ಕಟ್ಟಿ ನೋಡದ, ರಾತ್ರಿ ಪಾಳಿ ಮಾಡದ ಎಕ್ಸಿಕ್ಯೂಟಿವ್ ಮಾತನ್ನು ಡಾಕ್‌ನಲ್ಲಿ ಯಾರೂ ಕೇಳುವುದಿಲ್ಲ. ಕೋರ್ಸಿಗೆ ದೊಡ್ಡ ಶುಲ್ಕ ಕಟ್ಟುವ ಮುನ್ನ ಆರು ತಿಂಗಳು ಒಳಗೆ ದುಡಿದು ನೋಡುವುದು ಅಗ್ಗದ ಪರೀಕ್ಷೆ.

ಯಂತ್ರಗಳು ಈ ಕೆಲಸ ನುಂಗುತ್ತವೆಯೇ ಎಂಬ ಪ್ರಶ್ನೆ ಇದ್ದೇ ಇದೆ. ಪೊಟ್ಟಣ ವಿಂಗಡಿಸುವ ಬೆಲ್ಟು, ರೋಬಾಟ್‌ಗಳು ದೊಡ್ಡ ಇ-ಕಾಮರ್ಸ್ ಕೇಂದ್ರಗಳಲ್ಲಿ ಬಂದಾಗಿದೆ. ಒಂದೇ ಅಳತೆಯ ಪೆಟ್ಟಿಗೆ, ಒಂದೇ ದಾರಿ ಇದ್ದ ಕಡೆ ಅವು ಗೆಲ್ಲುತ್ತವೆ. ಹರಿದ ಚೀಲ, ಸೋರುವ ಡಬ್ಬ, ವಾಪಸ್ಸು ಬಂದ ಸೀರೆ ಇನ್ನೂ ಮನುಷ್ಯರ ಪಾಲಿನವೇ. ಮೊದಲು ಇಳಿಯುವುದು ನಡಿಗೆಯ ಕೆಲಸ. ಯಂತ್ರ ನೋಡಿಕೊಳ್ಳುವ, ತಪ್ಪು ಹುಡುಕುವ ಕೆಲಸ ಏರುತ್ತದೆ.

ಸಂಬಳದ ಏಣಿ ಬೇಡ ಎನ್ನುವವರಿಗೆ ಉಳಿಯುವುದು ಸ್ವಂತ ವಿತರಣೆ. ಕಂಪನಿಯಿಂದ ಅದರ ಪರವಾಗಿ ಸರಕು ಇಟ್ಟು ರವಾನಿಸುವ ಸಿ ಅಂಡ್ ಎಫ್ ಏಜೆಂಟ್, ಅಲ್ಲಿಂದ ಡಿಸ್ಟ್ರಿಬ್ಯೂಟರ್, ಅಲ್ಲಿಂದ ಅಂಗಡಿ: ಸರಪಳಿಯಲ್ಲಿ ತಾಲ್ಲೂಕು ಮಟ್ಟದ ಡಿಸ್ಟ್ರಿಬ್ಯೂಟರ್ ಆಗಲು ಗೋದಾಮು, ಒಂದು ಗಾಡಿ, ಬಿಲ್ಲಿಂಗ್ ತಂತ್ರಾಂಶ ಮತ್ತು ಬಂಡವಾಳ ಬೇಕು. ಕಂಪನಿ ಮುಂಗಡ ಕೇಳುತ್ತದೆ, ಅಂಗಡಿಯವರು ಉದ್ದರಿ ಕೇಳುತ್ತಾರೆ. ಈ ವ್ಯಾಪಾರದಲ್ಲಿ ಮುಳುಗಿದವರ ಕಥೆ ವಿಚಾರಿಸಿದರೆ ಹೆಚ್ಚಿನ ಸಲ ಕಾರಣ ಆ ಎರಡರ ನಡುವಿನ ಅಂತರವೇ. ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಬೇಕು. ಔಷಧದ ಸಗಟು ವಿತರಣೆಗೆ 20-ಬಿ, 21-ಬಿ ನಮೂನೆಯ ಪರವಾನಗಿ, ಕನಿಷ್ಠ 10 ಚದರ ಮೀಟರ್ ಜಾಗ, ಜೊತೆಗೆ ಒಬ್ಬ ಅರ್ಹ ವ್ಯಕ್ತಿ ಬೇಕು. ಆ ಅರ್ಹತೆ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಮೀಸಲಲ್ಲ: ಪದವಿ ಇದ್ದವರಿಗೆ ಔಷಧ ಮಾರಾಟದ ವ್ಯವಹಾರದಲ್ಲಿ ಒಂದು ವರ್ಷದ ಅನುಭವ, ಎಸ್‌ಎಸ್‌ಎಲ್‌ಸಿ ಮಾತ್ರ ಆದವರಿಗೆ ನಾಲ್ಕು ವರ್ಷದ ಅನುಭವ ಇದ್ದರೆ ನಿಯಮ ಒಪ್ಪುತ್ತದೆ. ಔಷಧದ ಸಗಟು ವ್ಯಾಪಾರಿಯ ಬಳಿ ದುಡಿಯುವ ಹುಡುಗ ಹುಡುಗಿಯರು ಅನುಭವ ಪತ್ರವನ್ನು ಹುದ್ದೆ, ತಾರೀಖು ಸಮೇತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡೇ ಕೆಲಸ ಬಿಡಬೇಕು. ಪರವಾನಗಿಯ ಅರ್ಜಿಗೆ ಲಗತ್ತಿಸಲು ಬೇಕಾಗುವುದು ಅದೇ ಕಾಗದ.